ಹಳೇ ಬ್ರಿಟಿಷ್ ಕೌಂಟಿ ನಕ್ಷೆ ಕೊಳ್ಳುವ ಮುನ್ನ: ಹಾಳೆಯ ನಿಜವಾದ ವಯಸ್ಸು ಕಂಡುಕೊಳ್ಳುವುದು ಹೇಗೆ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. "ನಾವಿರುವ ಕೌಂಟಿಯ ಹಳೇ ನಕ್ಷೆ ಒಂದು ಅಂಗಡಿಯಲ್ಲಿ ಕಣ್ಣಿಗೆ ಬಿತ್ತು. ಜಾನ್ ಸ್ಪೀಡ್ ಅನ್ನುವವರದ್ದಂತೆ. ಮೂಲೆಯಲ್ಲಿ 1610 ಅಂತ ಇದೆ. ನಿಜವಾಗಿ ಅಷ್ಟು ಹಳೇದಾ? ತಗೋಬಹುದಾ?"

1610 ಅಂತ ಬರೆದಿದ್ದರೆ ಆ ಹಾಳೆ 1610ರಲ್ಲಿ ಅಚ್ಚಾಗಿರಬೇಕು ಎಂದೇನಿಲ್ಲ. ಹಾಗಂತ ಮಾರುವವರು ಮೋಸ ಮಾಡುತ್ತಿದ್ದಾರೆ ಎಂದೂ ಅಲ್ಲ. ಆಗಿನ ನಕ್ಷೆಗಳು ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದವು. ಕೆತ್ತುವುದು ದುಬಾರಿ ಕೆಲಸ. ಹಾಗಾಗಿ ಒಮ್ಮೆ ಕೆತ್ತಿದ ತಗಡನ್ನು ಯಾರೂ ಎಸೆಯುತ್ತಿರಲಿಲ್ಲ. ಒಬ್ಬ ಪ್ರಕಾಶಕ ಸತ್ತರೆ ಇನ್ನೊಬ್ಬ ಕೊಳ್ಳುತ್ತಿದ್ದ, ತನ್ನ ಹೆಸರು ಕೆತ್ತಿಸಿ ಮತ್ತೆ ಅಚ್ಚು ಹಾಕುತ್ತಿದ್ದ. ತಗಡಿನ ಮೇಲಿನ ಇಸವಿ ಮಾತ್ರ ಎಷ್ಟೋ ಸಲ ಹಾಗೇ ಉಳಿಯುತ್ತಿತ್ತು.

ಆದ್ದರಿಂದ ಯಾವುದೇ ಹಳೇ ನಕ್ಷೆಗೆ ಮೂರು ವಯಸ್ಸು ಇರುತ್ತವೆ. ನೆಲವನ್ನು ಅಳೆದದ್ದು ಯಾವಾಗ? ತಗಡು ಕೆತ್ತಿದ್ದು ಯಾವಾಗ? ನಿಮ್ಮ ಕೈಯಲ್ಲಿರುವ ಈ ಹಾಳೆ ಅಚ್ಚಾದದ್ದು ಯಾವಾಗ? ಬೆಲೆ ನಿಲ್ಲುವುದು ಬಹುಪಾಲು ಮೂರನೆಯದರ ಮೇಲೆ. ಅದನ್ನು ಕಂಡುಕೊಳ್ಳಲು ಪರಿಣತರೇ ಆಗಬೇಕಿಲ್ಲ. ಕ್ರಮವಾಗಿ ನೋಡುವ ತಾಳ್ಮೆ ಇದ್ದರೆ ಸಾಕು.

ಮೊದಲು ಎರಡು ಪದ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಹಂಡ್ರೆಡ್ ಅಂದರೆ ಕೌಂಟಿಯೊಳಗಿನ ಹಳೇ ವಿಭಾಗ, ಹೆಚ್ಚುಕಡಿಮೆ ಹೋಬಳಿಯಂತೆ. ನಕ್ಷೆಯಲ್ಲಿ ಚುಕ್ಕಿ ಗೆರೆ ಹಾಕಿ, ಬಣ್ಣ ಬೇರೆ ಮಾಡಿ ತೋರಿಸುವುದು ಸಾಮಾನ್ಯವಾಗಿ ಈ ಹಂಡ್ರೆಡ್‌ಗಳನ್ನೇ. ಇನ್ನೊಂದು ವಿಷಯ ನೆನಪಿರಲಿ. 1974ರಲ್ಲಿ ಇಂಗ್ಲೆಂಡಿನ ಕೌಂಟಿ ಗಡಿಗಳು ಬದಲಾದವು. ವೆಸ್ಟ್‌ಮೋರ್‌ಲೆಂಡ್, ಕಂಬರ್‌ಲೆಂಡ್ ಸೇರಿ ಕಂಬ್ರಿಯಾ ಆಯಿತು. ಮಿಡ್ಲ್‌ಸೆಕ್ಸ್ ಅದಕ್ಕೂ ಮೊದಲೇ, 1965ರಲ್ಲಿ, ಬಹುಪಾಲು ಲಂಡನ್ನಿಗೆ ಸೇರಿಹೋಗಿತ್ತು. ಹ್ಯಾರೋ, ಹೌನ್ಸ್ಲೋ ಕಡೆ ಇರುವವರು ಲಂಡನ್ ನಕ್ಷೆ ಹುಡುಕಿದರೆ ನಿಮ್ಮ ಊರು ಸಿಗುವುದಿಲ್ಲ. ಮಿಡ್ಲ್‌ಸೆಕ್ಸ್ ನಕ್ಷೆ ಕೇಳಿ.

1. ನೋಡಲು ಹೋಗುವಾಗ ಏನು ಬೇಕು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಕನ್ನಡಿ, ಒಂದು ಟಾರ್ಚು (ಫೋನಿನದ್ದೂ ನಡೆಯುತ್ತೆ), ಬಟ್ಟೆ ಅಳೆಯುವ ಮೆತ್ತನೆ ಟೇಪು. ಬರೆದುಕೊಳ್ಳಲು ಸೀಸದ ಪೆನ್ಸಿಲ್ ಮಾತ್ರ. ಹಳೇ ಕಾಗದದ ಹತ್ತಿರ ಪೆನ್ನು ಬೇಡವೇ ಬೇಡ. ಕೈಗವಸು ಬೇಕಿಲ್ಲ. ತೊಳೆದು ಒಣಗಿದ ಬರಿಗೈಯೇ ವಾಸಿ, ಹಾಳೆಯ ಅಂಚು ಬೆರಳಿಗೆ ಸರಿಯಾಗಿ ಗೊತ್ತಾಗುತ್ತದೆ.

ಫ್ರೇಮಿನಲ್ಲಿರುವ ನಕ್ಷೆಯನ್ನು ಬಿಚ್ಚಿಸದೆ ಕೊಳ್ಳಬೇಡಿ. ಮಾರುವವರು "ಬಿಚ್ಚೋಕಾಗಲ್ಲ" ಅಂದರೆ, ಸರಿ ಅಂತ ಬಂದುಬಿಡಿ. ಹಿಂಬದಿ, ಅಂಚು, ಕಾಗದ ಇವು ಮೂರೂ ಫ್ರೇಮಿನೊಳಗೆ ಅಡಗಿರುತ್ತವೆ. ಮುಂದೆ ಹೇಳುವ ಅರ್ಧಕ್ಕಿಂತ ಜಾಸ್ತಿ ಸುಳಿವುಗಳು ಇರುವುದು ಅಲ್ಲೇ.

2. ಇದು ಯಾರ ನಕ್ಷೆ ಅಂತ ಗುರುತಿಸಿ

ಹೆಸರು ಸಾಮಾನ್ಯವಾಗಿ ಕಾರ್ಟೂಷ್‌ನಲ್ಲಿ, ಅಂದರೆ ಶೀರ್ಷಿಕೆಯ ಸುತ್ತ ಬರೆದ ಅಲಂಕಾರದ ಚೌಕಟ್ಟಿನಲ್ಲಿ, ಅಥವಾ ಕೆಳಗಿನ ಅಂಚಿನಲ್ಲಿ ಇರುತ್ತದೆ. ಅಂಗಡಿಗಳಲ್ಲಿ ಕಣ್ಣಿಗೆ ಬೀಳುವ ಹೆಸರುಗಳು ತುಂಬಾ ಇಲ್ಲ.

ಎಲ್ಲಕ್ಕೂ ಮೂಲ ಕ್ರಿಸ್ಟೋಫರ್ ಸ್ಯಾಕ್ಸ್‌ಟನ್. ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಥಾಮಸ್ ಸೆಕ್‌ಫರ್ಡ್ ಎಂಬ ಅಧಿಕಾರಿಯ ಹಣದ ಬೆಂಬಲದಿಂದ ಇಂಗ್ಲೆಂಡ್ ಮತ್ತು ವೇಲ್ಸ್ ಪೂರ್ತಿ ಅಳೆದವನು. 1574ರಿಂದ ಒಂದೊಂದಾಗಿ ನಕ್ಷೆಗಳು ಹೊರಬಂದವು. 1579ರಲ್ಲಿ ಅವೆಲ್ಲ ಸೇರಿ ಅಟ್ಲಾಸ್ ಆಯಿತು. ಒಂದು ದೇಶವನ್ನು ಹೀಗೆ ಕೌಂಟಿ ಕೌಂಟಿಯಾಗಿ ಬಿಡಿಸಿಟ್ಟ ಆ ಕೆಲಸ ನೋಡಿದರೆ ಈಗಲೂ ಬೆರಗಾಗುತ್ತದೆ. ಇವನ ಮೂಲ ಹಾಳೆಗಳು ವಿರಳ, ಬೆಲೆಯೂ ಬಹಳ.

ಅವನ ನಂತರ ಬಂದವನು ಸ್ಪೀಡ್. ಇವನ ಅಟ್ಲಾಸಿನ ಮುಖಪುಟದಲ್ಲಿ 1611 ಎಂದಿದೆ, ಮಾರುಕಟ್ಟೆಗೆ ಬಂದದ್ದು 1612ರಲ್ಲಿ. ತಗಡುಗಳನ್ನು ಕೆತ್ತಿದ್ದು ಆಮ್ಸ್ಟರ್‌ಡ್ಯಾಮಿನ ಯೊಡೋಕಸ್ ಹೊಂಡಿಯಸ್. ಸ್ಪೀಡ್ ಬಹುಪಾಲು ಹೊಸದಾಗಿ ಅಳೆಯಲಿಲ್ಲ. ಸ್ಯಾಕ್ಸ್‌ಟನ್, ಜಾನ್ ನಾರ್ಡನ್ ಮೊದಲಾದವರ ಕೆಲಸದ ಮೇಲೆ ಕಟ್ಟಿದ. ಬೇರೆಯವರ ಪೈರಿಗೆ ನನ್ನ ಕುಡುಗೋಲು ಹಾಕಿದ್ದೇನೆ ಎಂದು ತಾನೇ ಒಪ್ಪಿಕೊಂಡಿದ್ದಾನೆ. ಅವನು ಸೇರಿಸಿದ್ದು ಮೂಲೆಗಳಲ್ಲಿನ ಪಟ್ಟಣಗಳ ಸಣ್ಣ ನಕ್ಷೆಗಳು, ಲಾಂಛನಗಳು, ಚಿತ್ರಗಳು. ಮಿಡ್ಲ್‌ಸೆಕ್ಸ್ ಹಾಳೆಯಲ್ಲಿ ಲಂಡನ್ ಮತ್ತು ವೆಸ್ಟ್‌ಮಿನ್‌ಸ್ಟರ್, ವಿಲ್ಟ್‌ಷೈರ್‌ನಲ್ಲಿ ಸ್ಟೋನ್‌ಹೆಂಜ್, ಸರ್ರಿಯಲ್ಲಿ ನಾನ್‌ಸಚ್ ಮತ್ತು ರಿಚ್ಮಂಡ್ ಅರಮನೆಗಳು. ನಾನ್‌ಸಚ್ ಅರಮನೆಯನ್ನು 1680ರ ದಶಕದಲ್ಲಿ ಕೆಡವಿಹಾಕಿದರು. ತಗಡಿನಲ್ಲಿ ಮಾತ್ರ ಅದು ಹಾಗೇ ನಿಂತಿದೆ. ಜನ ಸ್ಪೀಡ್ ನಕ್ಷೆಗಳನ್ನು ಇಷ್ಟು ಪ್ರೀತಿಸುವುದು ಈ ಚಿತ್ರಗಳಿಗಾಗಿಯೇ.

ವಿಲಿಯಂ ಕಿಪ್, ವಿಲಿಯಂ ಹೋಲ್ ಕೆತ್ತಿದ ಸ್ವಲ್ಪ ಚಿಕ್ಕ ನಕ್ಷೆಗಳು ವಿಲಿಯಂ ಕ್ಯಾಮ್ಡನ್ನನ 'ಬ್ರಿಟಾನಿಯಾ' ಎಂಬ, ಬ್ರಿಟನ್ನಿನ ಇತಿಹಾಸ ಮತ್ತು ನೆಲದ ವಿವರಣೆಯ ಗ್ರಂಥಕ್ಕೆ ಮಾಡಿದವು. ಅದೇ ಗ್ರಂಥದ 1695ರ ಹೊಸ ಆವೃತ್ತಿಗೆ ರಾಬರ್ಟ್ ಮಾರ್ಡನ್ ಬೇರೆ ನಕ್ಷೆಗಳನ್ನು ಮಾಡಿಕೊಟ್ಟ. ಡಚ್ಚರ ಪೈಕಿ ಬ್ಲಾವ್ (1645ರಲ್ಲಿ ಇಂಗ್ಲೆಂಡ್, 1654ರಲ್ಲಿ ಸ್ಕಾಟ್ಲೆಂಡ್) ಮತ್ತು ಯಾನ್ಸನ್ ಮುಖ್ಯರು. 18ನೇ ಶತಮಾನದಲ್ಲಿ ಇಮ್ಯಾನುಯೆಲ್ ಬೋವೆನ್, ಥಾಮಸ್ ಕಿಚಿನ್, ಆಮೇಲೆ ಜಾನ್ ಕೇರಿ. ಕೇರಿಯ 1787ರ ಅಟ್ಲಾಸಿನಲ್ಲಿ ಅಲಂಕಾರ ಕಡಿಮೆ, ಅಕ್ಷರ ಬಲು ಸ್ವಚ್ಛ. ಕೊನೆಗೆ 1830ರ ದಶಕದ ಥಾಮಸ್ ಮೌಲ್, ಅಂಚಿನಲ್ಲಿ ಚರ್ಚು, ಕೋಟೆಗಳ ಪುಟ್ಟ ಚಿತ್ರಗಳಿರುವ ಉಕ್ಕಿನ ಕೆತ್ತನೆ. ಮೊದಲ ಸಲ ಕೊಳ್ಳುವವರಿಗೆ ನಾನು ಮಾರ್ಡನ್ ಅಥವಾ ಮೌಲ್ ಹೇಳುತ್ತೇನೆ. ಸುಲಭವಾಗಿ ಸಿಗುತ್ತವೆ, ಬೆಲೆ ಕೈಗೆಟುಕುತ್ತದೆ, ನೋಡಿ ಕಲಿಯುವುದಕ್ಕೂ ಚೆನ್ನಾಗಿವೆ.

3. ಗೆರೆ ಮತ್ತು ತಗಡಿನ ಗುರುತು

ಈಗ ಭೂತಕನ್ನಡಿ ಹಿಡಿಯಿರಿ. ತಾಮ್ರದ ಅಚ್ಚಿನಲ್ಲಿ ಗೆರೆ ಕೊರೆದ ಗುಳಿಯಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಅದರ ಮೇಲೆ ಬಲವಾಗಿ ಒತ್ತುತ್ತಾರೆ. ಕಾಗದ ಆ ಗುಳಿಯೊಳಗೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ಗೆರೆ ಕಾಗದದಿಂದ ಕೊಂಚ ಮೇಲೆದ್ದಿರುತ್ತದೆ. ಹಳೇ ಮದುವೆ ಕಾಗದದ ಉಬ್ಬಕ್ಷರವನ್ನು ಬೆರಳಲ್ಲಿ ಸವರಿದಾಗ ಗೊತ್ತಾಗುತ್ತದಲ್ಲ, ಹಾಗೆ, ಆದರೆ ಅದಕ್ಕಿಂತ ತುಂಬಾ ಸೂಕ್ಷ್ಮ. ಬೆರಳಿಂದ ಸವರಬೇಡಿ. ಟಾರ್ಚನ್ನು ಹಾಳೆಯ ಪಕ್ಕದಿಂದ ಓರೆಯಾಗಿ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಅಂಚಿನ ಸುತ್ತ ತಗಡು ಒತ್ತಿದ ಚೌಕಾಕಾರದ ತಗ್ಗೂ ಕಾಣಬೇಕು. ಇದನ್ನೇ ಪ್ಲೇಟ್ ಮಾರ್ಕ್ ಅನ್ನುತ್ತಾರೆ.

ಈ ಕಾಲದ ಮುದ್ರಣವಾದರೆ ಕನ್ನಡಿಯಲ್ಲಿ ಗೆರೆಯ ಬದಲು ಬಣ್ಣಬಣ್ಣದ ಸಣ್ಣ ಚುಕ್ಕಿಗಳು ಕಾಣುತ್ತವೆ. ಪತ್ರಿಕೆಯ ಫೋಟೋದಲ್ಲಿ ಇರುವಂಥವು. ಚುಕ್ಕಿ ಕಂಡರೆ ಮಾತು ಮುಗಿಯಿತು, ಅದು 20ನೇ ಶತಮಾನದ ಅಥವಾ ಅದಕ್ಕೂ ಈಚಿನ ನಕಲು. ಸ್ಪೀಡ್, ಸ್ಯಾಕ್ಸ್‌ಟನ್ ನಕ್ಷೆಗಳ ಇಂಥ ಪ್ರತಿಗಳು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ. ಅವನ್ನು ಗೋಡೆಗೆ ಹಾಕಿಕೊಂಡರೆ ತಪ್ಪಿಲ್ಲ, ಹಳೇದು ಅಂತ ದುಡ್ಡು ಕೊಡಬಾರದು ಅಷ್ಟೇ.

ಎಚ್ಚರಿಕೆ: ಪ್ಲೇಟ್ ಮಾರ್ಕ್ ಒಂದನ್ನೇ ನಂಬಬೇಡಿ. ನಕಲಿ ಪ್ರತಿಗೂ ಅಂಚಿನಲ್ಲಿ ತಗ್ಗು ಒತ್ತಬಹುದು. ಇನ್ನೊಂದು ಕಡೆ, ಅಸಲಿ ನಕ್ಷೆಯ ಅಂಚನ್ನು ಯಾರೋ ಹಿಂದೆ ಕತ್ತರಿಸಿದ್ದರೆ ಗುರುತೇ ಇರುವುದಿಲ್ಲ.

4. ಕಾಗದವನ್ನು ಬೆಳಕಿಗೆ ಹಿಡಿಯಿರಿ

ಹಳೇ ಕೈ ಕಾಗದವನ್ನು ತಂತಿ ಜಾಲರಿಯ ಅಚ್ಚಿನಲ್ಲಿ ಎತ್ತುತ್ತಿದ್ದರು. ತಂತಿಗಳ ಗುರುತು ಕಾಗದದಲ್ಲಿ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಒತ್ತೊತ್ತಾದ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ಎರಡು ಮೂರು ಸೆಂಟಿಮೀಟರಿಗೊಂದು ದಪ್ಪ ಗೆರೆ ಕಾಣುತ್ತವೆ. ಇದು ಲೇಡ್ ಕಾಗದ. ಜೊತೆಗೆ ಕಾಗದ ಮಾಡಿದವರ ಚಿಹ್ನೆ, ಅಂದರೆ ವಾಟರ್‌ಮಾರ್ಕ್ ಕೂಡ ಇರಬಹುದು.

ನೇಯ್ದ ಜಾಲರಿಯಲ್ಲಿ ಮಾಡಿದ, ಗೆರೆಯಿಲ್ಲದ ಕಾಗದಕ್ಕೆ ವೋವ್ ಅನ್ನುತ್ತಾರೆ. ಇದು ಇಂಗ್ಲೆಂಡಿನಲ್ಲಿ 1750ರ ದಶಕದಲ್ಲಿ ಶುರುವಾಗಿ, 1800ರ ಹೊತ್ತಿಗೆ ಬಳಕೆಗೆ ಬಂತು. ಆದ್ದರಿಂದ ವೋವ್ ಕಾಗದದ ಮೇಲಿರುವ "1610ರ ಸ್ಪೀಡ್" 1610ರದ್ದಾಗಲು ಸಾಧ್ಯವೇ ಇಲ್ಲ. ಮೌಲ್ ನಕ್ಷೆಗೆ ವೋವ್ ಇರುವುದು ಸಹಜ.

ನಡುವಿನ ಮಡಿಕೆ ನೋಡಿ ಗಾಬರಿಯಾಗಬೇಡಿ. ಸ್ಪೀಡ್ ನಕ್ಷೆ ಸುಮಾರು 38 ಸೆಂ.ಮೀ. ಎತ್ತರ, 51 ಸೆಂ.ಮೀ. ಅಗಲ. ಅಟ್ಲಾಸಿನಲ್ಲಿ ಹೊಲಿಯಲು ಅದನ್ನು ಮಧ್ಯಕ್ಕೆ ಮಡಿಸುತ್ತಿದ್ದರು. ಮಡಿಕೆಯ ಸುಳಿವೇ ಇಲ್ಲದ, ದಪ್ಪಗೆ ನುಣುಪಾಗಿರುವ ಹಾಳೆ ಕಂಡಾಗ ಅನುಮಾನ ಬರಬೇಕು. ಒಂದೇ ಸಮನೆ ಕಂದು ಹಳದಿಗೆ ತಿರುಗಿದ್ದರೂ ಅಷ್ಟೇ. ಟೀ ನೀರಿನಲ್ಲಿ ಅದ್ದಿ ಹಳೇದು ಮಾಡುವ ಉಪಾಯ ಎಲ್ಲರಿಗೂ ಗೊತ್ತಿರುವುದೇ. ನಿಜವಾದ ಹಳೇ ಹಾಳೆ ಅಂಚಿನಲ್ಲಿ ಜಾಸ್ತಿ, ಒಳಗೆ ಕಡಿಮೆ, ಹೀಗೆ ಏರುಪೇರಾಗಿ ಬಣ್ಣಗೆಡುತ್ತದೆ. ಬಟ್ಟೆ ಚಿಂದಿಯಿಂದ ಮಾಡಿದ ಒಳ್ಳೆಯ ಕಾಗದ ನಾನೂರು ವರ್ಷವಾದರೂ ಬೆಳ್ಳಗೇ ಇರುವುದುಂಟು.

5. ಹಿಂಬದಿ ಓದಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಸ್ಪೀಡ್ ಅಟ್ಲಾಸಿನಲ್ಲಿ ಪ್ರತಿ ನಕ್ಷೆಯ ಹಿಂದೆ ಆ ಕೌಂಟಿಯ ವಿವರಣೆ ಅಚ್ಚಾಗಿರುತ್ತದೆ. ಮುಂಬದಿಯ ನಕ್ಷೆ ತಗಡಿನದ್ದು, ಅದು ಅಷ್ಟಾಗಿ ಬದಲಾಗುವುದಿಲ್ಲ. ಹಿಂಬದಿಯ ಬರಹ ಅಚ್ಚುಮೊಳೆ, ಅಂದರೆ ಬಿಡಿ ಅಕ್ಷರದ ಅಚ್ಚುಗಳನ್ನು ಜೋಡಿಸಿ ಮಾಡಿದ್ದು. ಪ್ರತಿ ಆವೃತ್ತಿಗೂ ಮೊಳೆಗಳನ್ನು ಹೊಸದಾಗಿ ಜೋಡಿಸಬೇಕು. ಆಗ ಸಾಲು ಒಡೆಯುವ ಜಾಗ, ಕಾಗುಣಿತ, ಅಲಂಕಾರದ ಮೊದಲಕ್ಷರ ಇವೆಲ್ಲ ಬದಲಾಗುತ್ತವೆ. ಹಾಗಾಗಿ ಮುಂಭಾಗ ಒಂದೇ ಥರ ಇರುವ ಎರಡು ಹಾಳೆಗಳ ಆವೃತ್ತಿಯನ್ನು ಹಿಂಬದಿ ನೋಡಿ ಬೇರೆ ಮಾಡಬಹುದು. ಬರಹ ಲ್ಯಾಟಿನ್‌ನಲ್ಲಿದ್ದರೆ 1616ರ ಆವೃತ್ತಿ. ಹಿಂಬದಿ ಖಾಲಿಯಿದ್ದು ಹೆನ್ರಿ ಓವರ್ಟನ್ ಹೆಸರಿದ್ದರೆ 18ನೇ ಶತಮಾನದ್ದು.

ಕಿಪ್ ಮತ್ತು ಹೋಲ್ ನಕ್ಷೆಗಳಲ್ಲಿ ಇದು ಇನ್ನೂ ಸಲೀಸು. ಹಿಂದೆ ಲ್ಯಾಟಿನ್ ಬರಹ ಇದ್ದರೆ 1607. ಖಾಲಿ ಇದ್ದರೆ 1610 ಅಥವಾ 1637. ಖಾಲಿಯಿದ್ದು, ಮುಂಭಾಗದ ಕೆಳಗಿನ ಎಡ ಮೂಲೆಯಲ್ಲಿ ತಗಡಿನ ಸಂಖ್ಯೆ ಕೆತ್ತಿದ್ದರೆ 1637ರದ್ದು. ಆದರೆ ಎಲ್ಲ ತಗಡಿಗೂ ಸಂಖ್ಯೆ ಹಾಕಿರಲಿಲ್ಲ. ಸಂಖ್ಯೆ ಇಲ್ಲ ಅಂದ ಮಾತ್ರಕ್ಕೆ 1610 ಎಂದು ತೀರ್ಮಾನಿಸಬೇಡಿ.

ಬ್ಲಾವ್, ಯಾನ್ಸನ್ ನಕ್ಷೆಗಳ ಹಿಂದೆ ಲ್ಯಾಟಿನ್, ಡಚ್, ಫ್ರೆಂಚ್, ಜರ್ಮನ್ ಹೀಗೆ ಬೇರೆ ಬೇರೆ ಭಾಷೆ ಇರುತ್ತದೆ. ಭಾಷೆ ಮತ್ತು ಪುಟಸಂಖ್ಯೆ ಎರಡನ್ನೂ ಬರೆದುಕೊಳ್ಳಿ.

ಬರೆದುಕೊಂಡದ್ದನ್ನು ಹೋಲಿಸಿ ನೋಡುವುದು ಎಲ್ಲಿ? ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಸಾವಿರಾರು ಹಳೇ ನಕ್ಷೆಗಳು ದೊಡ್ಡದು ಮಾಡಿ ನೋಡುವಂತೆ ಉಚಿತವಾಗಿ ಇವೆ. 1703ರವರೆಗಿನ ಅಟ್ಲಾಸ್‌ಗಳ ಆವೃತ್ತಿ ಆವೃತ್ತಿಯ ವಿವರಕ್ಕೆ ಆರ್. ಎ. ಸ್ಕೆಲ್ಟನ್ ಅವರ ಸೂಚಿಯನ್ನು ಎಲ್ಲ ವ್ಯಾಪಾರಿಗಳೂ ಬಳಸುತ್ತಾರೆ. ಬ್ರಿಟನ್ನಿನಲ್ಲಿ ಇರುವವರು ತಮ್ಮ ಕೌಂಟಿಯ ದಾಖಲೆ ಕಚೇರಿಯಲ್ಲಿ ವಿಚಾರಿಸಿ. ಆಯಾ ಕೌಂಟಿಯ ಹಳೇ ನಕ್ಷೆಗಳನ್ನು ಜತನ ಮಾಡುವುದು ಅವರ ಕೆಲಸವೇ.

6. ನಕ್ಷೆಯೊಳಗಿನ ಸಾಕ್ಷಿ

ಕೆಳಗಿನ ಅಂಚಿನಲ್ಲಿ ಪ್ರಕಾಶಕರ ಹೆಸರು, ಅಂಗಡಿ ಇದ್ದ ಬೀದಿ ಕೆತ್ತಿರುತ್ತಾರೆ. ಸ್ಪೀಡ್ ನಕ್ಷೆಯಲ್ಲಿ ಸಡ್ಬರಿ ಮತ್ತು ಹಂಬಲ್ ಹೆಸರಿದ್ದರೆ ಮೊದಲ ದಶಕಗಳವು. ಬ್ಯಾಸೆಟ್ ಮತ್ತು ಚಿಸ್ವೆಲ್ ಇದ್ದರೆ 1676. ಅಂಗಡಿಗಳಲ್ಲಿ ಆಗಾಗ ಸಿಗುವುದು ಈ 1676ರದ್ದೇ, ಮೂಲೆಯಲ್ಲಿ 1610 ಎಂದು ಇದ್ದರೂ. ಓದುಗರ ಮೊದಲ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಈ ಒಂದು ಸಾಲಿನಲ್ಲೇ ಸಿಕ್ಕಿಬಿಡುತ್ತದೆ.

ಆಮೇಲೆ ನೆಲದ ಮೇಲೆ ಏನೇನಿದೆ ನೋಡಿ. ಸ್ಯಾಕ್ಸ್‌ಟನ್, ಸ್ಪೀಡ್ ಇಬ್ಬರ ಮೂಲ ಕೌಂಟಿ ನಕ್ಷೆಗಳಲ್ಲಿ ರಸ್ತೆಗಳಿಲ್ಲ. ನದಿ, ಸೇತುವೆ, ಊರು, ಬೇಲಿ ಹಾಕಿದ ಬೇಟೆವನ ಇವೆ, ದಾರಿ ಇಲ್ಲ. 1675ರಲ್ಲಿ ಜಾನ್ ಓಗಿಲ್ಬಿ 100 ಹಾಳೆಗಳಲ್ಲಿ ರಸ್ತೆಗಳನ್ನು ಪಟ್ಟಿ ಪಟ್ಟಿಯಾಗಿ ಬಿಡಿಸಿದ. ಮೈಲಿಗೆ ಒಂದು ಇಂಚಿನ ಲೆಕ್ಕ, ಒಂದು ಮೈಲಿಗೆ 1,760 ಗಜ. ಅದಾದ ಮೇಲೆ ಕೌಂಟಿ ನಕ್ಷೆಗಳಿಗೆ ರಸ್ತೆ ಸೇರಿಸುವುದು ವಾಡಿಕೆಯಾಯಿತು. ಸ್ಯಾಕ್ಸ್‌ಟನ್ನನ ಹಳೇ ತಗಡುಗಳಿಗೆ ಫಿಲಿಪ್ ಲೀ ಎಂಬ ಪ್ರಕಾಶಕ 1690ರ ಸುಮಾರಿಗೆ ರಸ್ತೆ ಕೆತ್ತಿಸಿದ. ಹೀಗೆ ತಗಡು ತಿದ್ದಿದಾಗ ಸಿಗುವ ಪ್ರತಿಯೊಂದು ರೂಪಕ್ಕೂ ವ್ಯಾಪಾರಿಗಳು ಸ್ಟೇಟ್ ಅನ್ನುತ್ತಾರೆ. "ಮೂರನೇ ಸ್ಟೇಟ್" ಎಂದು ಚೀಟಿಯಲ್ಲಿ ಬರೆದಿದ್ದರೆ ತಗಡನ್ನು ಎರಡು ಸಲ ತಿದ್ದಿದ ಮೇಲಿನ ಅಚ್ಚು ಎಂದರ್ಥ.

ಕಾಲುವೆಗಳೂ ಹಾಗೇ. ಮ್ಯಾಂಚೆಸ್ಟರ್ ಹತ್ತಿರದ ಬ್ರಿಡ್ಜ್‌ವಾಟರ್ ಕಾಲುವೆ ತೆರೆದದ್ದು 1761ರಲ್ಲಿ. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು 1830ರಲ್ಲಿ. ಮೌಲ್ ನಕ್ಷೆಗಳ ಮೊದಲ ಅಚ್ಚುಗಳಲ್ಲಿ ಅನೇಕ ಕೌಂಟಿಗಳಿಗೆ ರೈಲು ಹಳಿ ಇಲ್ಲ. 1840ರ ದಶಕದ ಅಚ್ಚುಗಳಲ್ಲಿ ಒಂದೊಂದೇ ಹಳಿ ಸೇರುತ್ತಾ ಹೋಗುತ್ತದೆ. ನಿಮ್ಮೂರಿಗೆ ರೈಲು ಬಂದ ವರ್ಷ ಗೊತ್ತಿದ್ದರೆ ಹಾಳೆಯ ವಯಸ್ಸನ್ನು ನೀವೇ ಹೇಳಬಹುದು.

ರೇಖಾಂಶ ಎಲ್ಲಿಂದ ಎಣಿಸಿದ್ದಾರೆ ಅನ್ನುವುದೂ ಸುಳಿವೇ. ಗ್ರೀನ್‌ವಿಚ್ ಅನ್ನು ಸೊನ್ನೆ ರೇಖಾಂಶವೆಂದು ಅನೇಕ ದೇಶಗಳು ಸೇರಿ ಒಪ್ಪಿದ್ದು 1884ರಲ್ಲಿ. ಮಾರ್ಡನ್ ಲಂಡನ್ನಿನಿಂದ ಎಣಿಸಿದ. ಅವನ ಹಾಳೆಯಲ್ಲಿ ಮೈಲಿಯ ಅಳತೆಪಟ್ಟಿಯೂ ಮೂರು ಇರುತ್ತವೆ: ದೊಡ್ಡ, ನಡುವಿನ, ಚಿಕ್ಕ ಮೈಲಿ. ದೇಶದಲ್ಲೆಲ್ಲ ಒಂದೇ ಮೈಲಿ ಇನ್ನೂ ಬೇರೂರಿರದ ಕಾಲ ಅದು. ನಿಖರವಾದ ತ್ರಿಕೋನ ಅಳತೆ, ಅಂದರೆ ಒಂದು ನೇರ ಗೆರೆಯನ್ನು ನೆಲದ ಮೇಲೆ ಅಳೆದು ಉಳಿದದ್ದನ್ನು ಕೋನಗಳಿಂದ ಲೆಕ್ಕ ಹಾಕುವ ಕ್ರಮ, ಇಂಗ್ಲೆಂಡನ್ನೆಲ್ಲ ಆವರಿಸಲು ಹೊರಟಿದ್ದು 1791ರಲ್ಲಿ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಶುರುವಾದ ಮೇಲೆ. ಅದರ ಮೊದಲ, ಮೈಲಿಗೆ ಒಂದಿಂಚಿನ ನಕ್ಷೆ ಕೆಂಟ್ ಕೌಂಟಿಯದ್ದು, 1801. ಅದಕ್ಕೆ ಒಂದು ವರ್ಷ ಮುಂಚೆ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅದೇ ಕ್ರಮದಲ್ಲಿ ಬೆಂಗಳೂರಿನಲ್ಲಿ ಮೂಲರೇಖೆ ಅಳೆದಿದ್ದ. ಕೆಂಟ್ ಹಾಳೆಯನ್ನು ನೋಡುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

7. ಬಣ್ಣ

ಬಣ್ಣವೆಲ್ಲ ಕೈಯಿಂದ ಹಚ್ಚಿದ್ದು. ಎಷ್ಟೋ ಅಟ್ಲಾಸ್‌ಗಳು ಬಣ್ಣವಿಲ್ಲದೆ ಮಾರಾಟವಾದವು. ಅಂಥ ಹಾಳೆಗಳಿಗೆ ಇತ್ತೀಚೆಗೆ ಬಣ್ಣ ಹಚ್ಚಿರುವುದು ತುಂಬಾ ಸಾಮಾನ್ಯ. ಅದು ಮೋಸವಲ್ಲ, ಮಾರುವವರು ಮುಚ್ಚಿಟ್ಟರೆ ಮಾತ್ರ ಮೋಸ. ಹಳೇ ಬಣ್ಣ ಪತ್ತೆ ಹಚ್ಚಲು ಹಸಿರನ್ನು ನೋಡಿ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಗದವನ್ನು ನಿಧಾನವಾಗಿ ಸುಡುತ್ತದೆ. ಹಾಳೆ ತಿರುಗಿಸಿದರೆ ಹಸಿರಿದ್ದ ಕಡೆಯೆಲ್ಲ ಹಿಂದೆ ಕಂದು ನೆರಳು ಮೂಡಿರುತ್ತದೆ. ಜಾಸ್ತಿ ಆದರೆ ಕಾಗದ ಅಲ್ಲೇ ಬಿರಿಯುತ್ತದೆ, ಅದನ್ನೂ ನೋಡಿಕೊಳ್ಳಿ. ನನಗಂತೂ ಕಳಪೆ ಹೊಸ ಬಣ್ಣಕ್ಕಿಂತ ಬರೀ ಕಪ್ಪು ಬಿಳುಪಿನ ಒಳ್ಳೆಯ ಅಚ್ಚೇ ಇಷ್ಟ. ಕೆತ್ತಿದವನ ಕೈಚಳಕ ಅದರಲ್ಲಿ ನಿಚ್ಚಳವಾಗಿ ಕಾಣುತ್ತದೆ.

8. ಸ್ಥಿತಿ, ಬೆಲೆ, ಎಲ್ಲಿಂದ ಬಂತು

ಹಾಳೆಯ ಸುತ್ತ ಬಿಳಿ ಅಂಚು ಎಷ್ಟು ಉಳಿದಿದೆ ಅಳೆಯಿರಿ. ಫ್ರೇಮಿಗೆ ಹೊಂದಿಸಲು ಅಂಚು ಕತ್ತರಿಸಿದ್ದರೆ ಬೆಲೆ ಇಳಿಯುತ್ತದೆ. ಕಂದು ಚುಕ್ಕಿಗಳಿಗೆ ಫಾಕ್ಸಿಂಗ್ ಅನ್ನುತ್ತಾರೆ, ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಅಚ್ಚು ಮಸುಕಾಗಿ, ಬೆಟ್ಟದ ನೆರಳಿನ ಗೆರೆಗಳು ಮಾಸಿಹೋಗಿದ್ದರೆ ತಗಡು ಸವೆದ ಮೇಲೆ ತೆಗೆದದ್ದು ಎಂದರ್ಥ. ಬೆನ್ನಿಗೆ ಬೇರೆ ಕಾಗದ ಅಥವಾ ಬಟ್ಟೆ ಅಂಟಿಸಿದ್ದರೆ ಏಕೆ ಎಂದು ಕೇಳಿ. ಹರಿದದ್ದನ್ನು ಮುಚ್ಚಿರಬಹುದು, ಹಿಂಬದಿಯ ಬರಹವೂ ಅದರಡಿ ಮುಚ್ಚಿಹೋಗಿರುತ್ತದೆ.

ಒಂದೇ ಕಾಲದ, ಒಂದೇ ಸ್ಥಿತಿಯ ಎರಡು ಸ್ಪೀಡ್ ನಕ್ಷೆಗಳ ಬೆಲೆ ಬೇರೆ ಬೇರೆ ಇರುತ್ತದೆ. ಚಿತ್ರ ಜಾಸ್ತಿ ಇರುವ, ಕೊಳ್ಳುವವರು ಜಾಸ್ತಿ ಇರುವ ಕೌಂಟಿಗೆ ಬೆಲೆ ಜಾಸ್ತಿ. ನಾಲ್ಕಾರು ಅಂಗಡಿಗಳ ಪಟ್ಟಿ, ಹರಾಜಿನ ಹಳೇ ಫಲಿತಾಂಶ ನೋಡಿಯೇ ಮಾತಾಡಿ.

ಗ್ರಂಥಾಲಯದ ಮುದ್ರೆ ಇದ್ದರೆ, ಅಥವಾ ಮುದ್ರೆ ಕೆರೆದು ತೆಗೆದ ಗುರುತಿದ್ದರೆ, ಆ ಗ್ರಂಥಾಲಯ ಅದನ್ನು ಮಾರಿದ್ದಕ್ಕೆ ಕಾಗದಪತ್ರ ಕೇಳಿ. ನಕ್ಷೆ ಕಳ್ಳತನ ದೂರದ ಮಾತಲ್ಲ. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೆಸರುವಾಸಿ ನಕ್ಷೆ ವ್ಯಾಪಾರಿಯೊಬ್ಬ ಸಿಕ್ಕಿಬಿದ್ದ. ಓದುವ ಕೋಣೆಯ ನೆಲದಲ್ಲಿ ಸಿಕ್ಕ ಒಂದು ಬ್ಲೇಡು ಅವನನ್ನು ಹಿಡಿದುಕೊಟ್ಟಿತು. ಇಡೀ ಅಟ್ಲಾಸನ್ನು ಬಿಚ್ಚಿ ಬಿಡಿ ಹಾಳೆ ಮಾಡಿ ಮಾರುವವರಿಗೆ ದಯವಿಟ್ಟು ಪ್ರೋತ್ಸಾಹ ಕೊಡಬೇಡಿ. ಹಿಂದೆಯೇ ಬಿಡಿಯಾದ ಹಾಳೆಗಳು ಬೇಕಾದಷ್ಟಿವೆ. ಉಳಿದಿರುವ ಪೂರ್ತಿ ಅಟ್ಲಾಸ್‌ಗಳು ಪೂರ್ತಿಯಾಗಿಯೇ ಇರಬೇಕು.

ರಸೀದಿಯಲ್ಲಿ ನಕ್ಷೆಗಾರನ ಹೆಸರು, ಅಚ್ಚಾದ ಆವೃತ್ತಿಯ ಇಸವಿ, ಬಣ್ಣ ಹಳೇದೋ ಹೊಸದೋ, ದುರಸ್ತಿ ಏನಾಗಿದೆ, ಇಷ್ಟನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಕೊಳ್ಳಬೇಡಿ.

9. ಮನೆಗೆ ತಂದ ಮೇಲೆ

ಲ್ಯಾಮಿನೇಷನ್ ಮಾಡಿಸಬೇಡಿ. ಸೆಲೋಟೇಪ್ ತಾಗಿಸಬೇಡಿ. ಫ್ರೇಮು ಹಾಕುವವರಿಗೆ ಆಮ್ಲವಿಲ್ಲದ ಮೌಂಟ್ ಬೋರ್ಡು, ಅತಿನೇರಳೆ ಕಿರಣ ತಡೆಯುವ ಗಾಜು ಎಂದು ಬಿಡಿಸಿ ಹೇಳಿ. ಹಾಳೆ ಗಾಜಿಗೆ ತಾಗಬಾರದು. ಹಾಳೆಯನ್ನು ಬೋರ್ಡಿಗೆ ಪೂರ್ತಿ ಅಂಟಿಸದೆ, ಮೇಲಿನ ಅಂಚಿನಲ್ಲಿ ಎರಡು ಕಡೆ ಮಾತ್ರ ಜಪಾನಿ ಕಾಗದದ ತುಂಡು ಮತ್ತು ಗೋಧಿ ಗಂಜಿಯ ಅಂಟಿನಿಂದ ನೇತುಹಾಕಬೇಕು. ಆ ಅಂಟನ್ನು ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು. ಬಿಸಿಲು ಬೀಳುವ ಗೋಡೆ, ಬಚ್ಚಲಿಗೆ ತಾಗಿದ ಗೋಡೆ ಬೇಡ.

ಊರಿಗೆ ತರುವವರಿಗೆ ಎರಡು ಮಾತು. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಮತ್ತು ಬೆಳ್ಳಿ ಹುಳದ ಕಾಟ ಇದ್ದದ್ದೇ. ಹೊರಗೋಡೆಗೆ ಹಾಕಬೇಡಿ, ಫ್ರೇಮಿನ ಹಿಂದೆ ಗಾಳಿಯಾಡಲು ಸ್ವಲ್ಪ ಸಂದು ಬಿಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ನೋಡಿ. ಇನ್ನು ಕಾನೂನು. ತುಂಬಾ ಬೆಲೆಬಾಳುವ ನಕ್ಷೆಯನ್ನು ಬ್ರಿಟನ್ನಿನಿಂದ ಹೊರಗೆ ತರಲು ರಫ್ತು ಪರವಾನಗಿ ಬೇಕಾಗಬಹುದು, ಮಾರಿದವರನ್ನೇ ಕೇಳಿ. ಭಾರತದಲ್ಲಿ 1972ರ ಪ್ರಾಚೀನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಹೊರಗೆ ಒಯ್ಯುವುದನ್ನು ತಡೆಯುತ್ತದೆ. ಒಮ್ಮೆ ಇಲ್ಲಿಗೆ ತಂದು ಮತ್ತೆ ವಾಪಸ್ ಒಯ್ಯುವ ಯೋಚನೆ ಇದ್ದರೆ, ತರುವ ಮೊದಲೇ ಭಾರತೀಯ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಕೊಂಡ ರಸೀದಿ, ವಿಮಾನದಲ್ಲಿ ತಂದ ದಾಖಲೆ, ಹಾಳೆಯ ಎರಡೂ ಬದಿಯ ಫೋಟೋ ಒಂದೇ ಲಕೋಟೆಯಲ್ಲಿ ಹಾಕಿ, ಫ್ರೇಮಿಗೆ ಅಂಟಿಸದೆ ಬೇರೆ ಇಟ್ಟುಕೊಳ್ಳಿ.